ಮೂತ್ರನಾಳದ ಒಳಪದರ ಕೆಟ್ಟರೆ ಕಿಡ್ನಿಗೂ ಕೇಡೇ?

ಪ್ರಶ್ನೆ: ನಮ್ಮ ಅಮ್ಮನಿಗೆ 62 ವರ್ಷ. 16 ವರ್ಷದಿಂದ ಶುಗರ್ ಇದೆ. ಕಳೆದ ಒಂದು ವರ್ಷದಲ್ಲಿ ನಾಲ್ಕು ಸಲ ಉರಿಮೂತ್ರ ಬಂತು. ಪ್ರತಿ ಸಲವೂ ಆ್ಯಂಟಿಬಯಾಟಿಕ್ ಕೊಟ್ಟರು. ಎರಡು ವರ್ಷದ ಹಿಂದೆ 1.2 ಇದ್ದ ಕ್ರಿಯಾಟಿನಿನ್ ಈಗ 1.6 ಆಗಿದೆ. ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ಎರಡೂ ಕಿಡ್ನಿ ಸ್ವಲ್ಪ ಊದಿವೆ, ಮೂತ್ರಕೋಶದ ಗೋಡೆ ದಪ್ಪಗಾಗಿದೆ, ಮೂತ್ರ ಮಾಡಿದ ಮೇಲೂ 210 ಮಿ.ಲೀ. ಉಳಿದಿದೆ ಎಂದು ಬರೆದಿದ್ದಾರೆ. "ಮೂತ್ರನಾಳದ ಒಳಪದರ ಹಾಳಾಗಿದೆ, ಅದಕ್ಕೇ ಕಿಡ್ನಿಗೆ ಪೆಟ್ಟು" ಎಂದು ಒಬ್ಬರು ಹೇಳಿದರು. ಪರಿಚಯದವರೊಬ್ಬರು ಯಾವುದೋ ಬೇರಿನ ಪುಡಿ ಕೊಟ್ಟಿದ್ದಾರೆ. ಒಳಪದರಕ್ಕೂ ಕಿಡ್ನಿಗೂ ನಿಜವಾಗಿ ಏನು ಸಂಬಂಧ? ಪದರ ಸರಿಹೋದರೆ ಕಿಡ್ನಿಯೂ ಸರಿಹೋಗುತ್ತಾ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಸಂಬಂಧ ಇದೆ, ಗಟ್ಟಿಯಾಗಿಯೇ ಇದೆ. ಆದರೆ ಪದರ ಕೆಟ್ಟಿತು ಎನ್ನುವ ಒಂದೇ ಕಾರಣಕ್ಕೆ ಕಿಡ್ನಿ ಸೋಲುವುದು ಅಪರೂಪ. ತೊಂದರೆ ಕಿಡ್ನಿ ತನಕ ಹೋಗುವುದು ಹೆಚ್ಚಾಗಿ ಮೂರು ದಾರಿಯಲ್ಲಿ. ಮೂತ್ರ ಪೂರ್ತಿ ಹೊರಗೆ ಹೋಗದೆ ಒತ್ತಡ ಹಿಂದಕ್ಕೆ ಏರಬಹುದು. ಸೋಂಕು ಕೆಳಗಿನಿಂದ ಮೇಲಕ್ಕೆ ಹತ್ತಬಹುದು. ಇಲ್ಲವೇ ಒಂದೇ ವಿಷ ಪದರವನ್ನೂ ಕಿಡ್ನಿಯನ್ನೂ ಒಟ್ಟಿಗೆ ಹಾಳು ಮಾಡಬಹುದು. ನೀವು ಬರೆದದ್ದನ್ನು ಓದುವಾಗ ನನ್ನ ಕಣ್ಣು ನಿಂತದ್ದು ಆ 210 ಮಿ.ಲೀ. ಮೇಲೆ. ಆಮೇಲೆ ಬೇರಿನ ಪುಡಿಯ ಮೇಲೆ. ಆ ಪುಡಿಯನ್ನು ಇವತ್ತೇ ನಿಲ್ಲಿಸಿ. ಕಾರಣವನ್ನು ಮುಂದೆ ಹೇಳುತ್ತೇನೆ.

ಕ್ರಿಯಾಟಿನಿನ್ ಲೆಕ್ಕವನ್ನೂ ಇಲ್ಲೇ ಹೇಳಿಬಿಡಬೇಕು. ಅದು ಕಿಡ್ನಿ ರಕ್ತದಿಂದ ಸೋಸಿ ಹೊರಹಾಕಬೇಕಾದ ಕಸ, ಸೋಸುವುದು ಕಡಿಮೆಯಾದಂತೆ ರಕ್ತದಲ್ಲಿ ಏರುತ್ತದೆ. 1.2 ಇದ್ದದ್ದು 1.6 ಆದರೆ ನೋಡೋಕೆ ಸಣ್ಣ ವ್ಯತ್ಯಾಸ. ಆದರೆ ನಿಮ್ಮ ಅಮ್ಮನ ವಯಸ್ಸಿನ ಹೆಂಗಸಿಗೆ 1.2 ಎಂದರೆ ಕಿಡ್ನಿ ಸೋಸುವ ವೇಗ ನಿಮಿಷಕ್ಕೆ ಸುಮಾರು 52 ಮಿ.ಲೀ. 1.6 ಎಂದರೆ ಸುಮಾರು 36. ಈ ವೇಗ ಮೂರು ತಿಂಗಳಿಗಿಂತ ಹೆಚ್ಚು ಕಾಲ 60ರ ಕೆಳಗಿದ್ದರೆ ಅದನ್ನು ದೀರ್ಘಕಾಲದ ಕಿಡ್ನಿ ಕಾಯಿಲೆ ಎನ್ನುತ್ತೇವೆ. ಎರಡೇ ವರ್ಷದಲ್ಲಿ ಇಷ್ಟು ಇಳಿದಿದೆ ಎಂದರೆ "ಶುಗರ್ ಇದ್ದವರಿಗೆ ಇದೆಲ್ಲ ಮಾಮೂಲು" ಎಂದು ಬಿಡುವ ಹಾಗಿಲ್ಲ. ಬೇರೆ ಕಾರಣ ಸೇರಿಕೊಂಡಿದೆಯಾ ಎಂದು ಹುಡುಕಲೇಬೇಕು.

ಈಗ ಪದರದ ವಿಷಯಕ್ಕೆ ಬರೋಣ. ಕಿಡ್ನಿಯೊಳಗೆ ಮೂತ್ರ ಬಂದು ಸೇರುವ ಬಟ್ಟಲಿನಿಂದ ಶುರುವಾಗಿ, ಅಲ್ಲಿಂದ ಮೂತ್ರವನ್ನು ಮೂತ್ರಕೋಶಕ್ಕೆ ಇಳಿಸುವ ಎರಡೂ ಮೂತ್ರನಾಳಗಳು, ಮೂತ್ರಕೋಶ, ಹೊರಹೋಗುವ ನಾಳದ ಮೊದಲ ಭಾಗ, ಇಷ್ಟಕ್ಕೂ ಒಳಗಡೆ ಒಂದೇ ಬಗೆಯ ಹೊದಿಕೆ ಇರುತ್ತದೆ. ವೈದ್ಯರು ಇದನ್ನು ಯುರೋಥೀಲಿಯಂ ಎನ್ನುತ್ತಾರೆ. ಮೂತ್ರದಲ್ಲಿ ಯೂರಿಯಾ ಇದೆ, ಆಮ್ಲ ಇದೆ, ಉಪ್ಪು ಇದೆ, ಮೈ ಬೇಡವೆಂದು ಹೊರಹಾಕಿದ ಔಷಧಿಗಳ ಉಳಿಕೆ ಇದೆ. ಇವು ವಾಪಸ್ ರಕ್ತಕ್ಕೆ ಸೋರಬಾರದು, ಕೆಳಗಿನ ನರಕ್ಕೂ ಸ್ನಾಯುವಿಗೂ ತಾಗಬಾರದು. ಆ ಕೆಲಸ ಈ ಪದರದ್ದು. ಇದರ ಮೇಲುಸ್ತರದ ದೊಡ್ಡ ಕೋಶಗಳಿಗೆ ಕೊಡೆ ಕೋಶಗಳು ಎಂದು ಹೆಸರು. ಅವುಗಳ ಮೇಲ್ಮೈಯ ಬಹುಪಾಲು ಯುರೋಪ್ಲಾಕಿನ್ ಎಂಬ ಪ್ರೋಟೀನಿನ ಗಟ್ಟಿ ಬಿಲ್ಲೆಗಳಿಂದ ಮುಚ್ಚಿರುತ್ತದೆ. ಮೈಯಲ್ಲಿ ನೀರನ್ನೂ ಯೂರಿಯಾವನ್ನೂ ಇಷ್ಟು ಚೆನ್ನಾಗಿ ತಡೆಯುವ ಪದರ ಇನ್ನೊಂದು ಸಿಗುವುದು ಕಷ್ಟ.

ಇನ್ನೊಂದು ಚಂದದ ವಿಷಯ ಇದೆ. ಮೂತ್ರಕೋಶ ತುಂಬುತ್ತಾ ಹೋದಂತೆ ಪದರ ಹರಿಯಬಾರದು, ಸೋರಲೂ ಬಾರದು. ಅದಕ್ಕಾಗಿ ಕೊಡೆ ಕೋಶಗಳು ಹೆಚ್ಚುವರಿ ಪೊರೆಯನ್ನು ಒಳಗೆ ಮಡಚಿಟ್ಟುಕೊಂಡಿರುತ್ತವೆ. ಮೂತ್ರ ತುಂಬಿದಾಗ ಸೀರೆಯ ನೆರಿಗೆ ಬಿಚ್ಚಿದ ಹಾಗೆ ಅದು ಹೊರಗೆ ಬಂದು ಹರಡಿಕೊಳ್ಳುತ್ತದೆ. ಖಾಲಿಯಾದಾಗ ಮತ್ತೆ ಒಳಗೆ ಹೋಗುತ್ತದೆ. ಪದರ ಹಿಗ್ಗಿದಾಗ ಅದರಿಂದ ಎಟಿಪಿ ಎಂಬ ರಾಸಾಯನಿಕ ಹೊರಬಂದು ಕೆಳಗಿನ ನರಗಳನ್ನು ತಟ್ಟುತ್ತದೆ. ನಮಗೆ ಮೂತ್ರಕ್ಕೆ ಹೋಗಬೇಕು ಎಂದು ತಿಳಿಯುವುದರಲ್ಲಿ ಇದರ ಪಾಲೂ ಇದೆ. ಹಾಗಾಗಿ ಇದನ್ನು ಸುಮ್ನೆ ಒಂದು ಹೊದಿಕೆ ಎಂದುಕೊಳ್ಳಬಾರದು. ಇದು ತಡೆಯುತ್ತದೆ, ಹಿಗ್ಗುತ್ತದೆ, ಸುದ್ದಿಯನ್ನೂ ಕಳಿಸುತ್ತದೆ.

ಮೊದಲ ದಾರಿ ಒತ್ತಡದ್ದು. ನಿಮ್ಮ ಅಮ್ಮನಿಗೆ ಸಂಬಂಧಪಟ್ಟದ್ದು ಇದೇ ಎಂದು ನನ್ನ ಅನುಮಾನ. ಹಾಗಾಗಿ ಇದನ್ನು ಸ್ವಲ್ಪ ಉದ್ದವಾಗಿ ಹೇಳುತ್ತೇನೆ.

ಮೂತ್ರನಾಳ ಮೂತ್ರಕೋಶದ ಗೋಡೆಯನ್ನು ನೇರವಾಗಿ ತೂರಿ ಬರುವುದಿಲ್ಲ, ಓರೆಯಾಗಿ ಬರುತ್ತದೆ. ಮೂತ್ರಕೋಶ ತುಂಬಿದಾಗ ಆ ಓರೆ ಭಾಗ ಒತ್ತಿ ಮುಚ್ಚಿಕೊಳ್ಳುತ್ತದೆ. ಮೂತ್ರ ಹಿಂದಕ್ಕೆ ಹೋಗುವುದಿಲ್ಲ. ಆರೋಗ್ಯವಂತರಲ್ಲಿ ಮೂತ್ರಕೋಶ ತುಂಬುವಾಗಲೂ ಒಳಗಿನ ಒತ್ತಡ ಕಡಿಮೆಯೇ ಇರುತ್ತದೆ, ಹಾಗಾಗಿ ಮೂತ್ರನಾಳ ಹನಿಹನಿಯಾಗಿ ಕೆಳಕ್ಕೆ ತಳ್ಳುತ್ತಲೇ ಇರಬಹುದು. ಮೂತ್ರಕೋಶ ಗಟ್ಟಿಯಾಗಿ ಒತ್ತಡ ಏರಿದರೆ ಈ ತಳ್ಳುವಿಕೆ ಸೋಲುತ್ತದೆ. ಅಮೆರಿಕದ ಯುರಾಲಜಿಸ್ಟ್ (ಮೂತ್ರಮಾರ್ಗದ ತಜ್ಞ) ಎಡ್ವರ್ಡ್ ಮೆಕ್‌ಗ್ವಾಯರ್ 1981ರಲ್ಲಿ ಇದಕ್ಕೊಂದು ಅಳತೆಯನ್ನೇ ತೋರಿಸಿದರು. ಬೆನ್ನುಹುರಿಯ ಹುಟ್ಟುದೋಷ ಇದ್ದ ಮಕ್ಕಳನ್ನು ಅವರು ಗಮನಿಸಿದ್ದರು. ಮೂತ್ರ ತಾನಾಗಿ ಸೋರಲು 40 ಸೆಂಟಿಮೀಟರ್ ನೀರಿನ ಮಟ್ಟಕ್ಕಿಂತ ಜಾಸ್ತಿ ಒತ್ತಡ ಬೇಕಾಗುತ್ತಿದ್ದ ಮಕ್ಕಳಲ್ಲೇ ಮೇಲಿನ ನಾಳ ಮತ್ತು ಕಿಡ್ನಿ ಹೆಚ್ಚು ಕೆಡುತ್ತಿದ್ದವು. ಆ 40 ಎಂಬ ಅಂಕಿಯನ್ನು ನಾವು ಇವತ್ತಿಗೂ ಮನಸ್ಸಿನಲ್ಲಿಟ್ಟುಕೊಂಡೇ ರೋಗಿಗಳನ್ನು ನೋಡುತ್ತೇವೆ.

ಒತ್ತಡ ಹಿಂದಕ್ಕೆ ಏರಿದಾಗ ಕಿಡ್ನಿಯ ಸಣ್ಣ ನಳಿಕೆಗಳು ಹಿಗ್ಗುತ್ತವೆ, ಅವುಗಳ ಸುತ್ತ ರಕ್ತದ ಓಡಾಟ ಕಡಿಮೆಯಾಗುತ್ತದೆ. ಒತ್ತಡಕ್ಕೆ ಸಿಕ್ಕ ಕೋಶಗಳು ನಾರು ಬೆಳೆಯಲು ಸಂಕೇತ ಕಳಿಸುತ್ತವೆ. ದಿನ, ವಾರಗಳಲ್ಲಿ ಬಿಡುಗಡೆ ಸಿಕ್ಕರೆ ಬಹಳಷ್ಟು ವಾಪಸ್ ಬರುತ್ತದೆ. ತಿಂಗಳು, ವರ್ಷ ಹಾಗೇ ಬಿಟ್ಟರೆ ನಾರು ಗಾಯದ ಕಲೆಯಾಗಿ ಉಳಿಯುತ್ತದೆ. ಆ ಜಾಗದ ಕೆಲಸ ಹೋದಂತೆಯೇ. ಇದೆಲ್ಲ ನೋವಿಲ್ಲದೆ ನಡೆಯುತ್ತದೆ. ನನ್ನನ್ನು ಕಾಡುವುದೇ ಇದು. ಕಲ್ಲು ಸಿಕ್ಕಿಕೊಂಡು ತಟ್ಟನೆ ಅಡ್ಡ ಬಂದರೆ ಮನುಷ್ಯ ನೋವಿಗೆ ಒದ್ದಾಡುತ್ತಾನೆ, ಆಸ್ಪತ್ರೆಗೆ ಓಡುತ್ತಾನೆ. ನಿಧಾನವಾಗಿ ಏರುವ ಒತ್ತಡಕ್ಕೆ ನೋವೇ ಇರುವುದಿಲ್ಲ. ಪ್ರೊಸ್ಟೇಟ್ ದಪ್ಪಗಾದ ಹಿರಿಯರಲ್ಲಿ ಇದು ಪದೇಪದೇ ಕಾಣುತ್ತದೆ. ರಾತ್ರಿ ಹಾಸಿಗೆಯಲ್ಲೇ ಮೂತ್ರ ಸೋರಲು ಶುರುವಾಗುತ್ತದೆ. ನಾಚಿಕೆಯಿಂದ ಯಾರಿಗೂ ಹೇಳುವುದಿಲ್ಲ. ಬರುವ ಹೊತ್ತಿಗೆ ಕ್ರಿಯಾಟಿನಿನ್ 5 ದಾಟಿರುತ್ತದೆ. ಮನೆಯಲ್ಲಿ ಅಂಥ ಅಪ್ಪಂದಿರು, ಅಜ್ಜಂದಿರು ಇದ್ದರೆ ದಯವಿಟ್ಟು ಕೇಳಿ.

ಈ ಒತ್ತಡದ ಕಥೆಯಲ್ಲಿ ಒಳಪದರದ ಪಾತ್ರ ಎರಡು ಬಗೆಯದು. ಪದರ ಹುಟ್ಟಿನಿಂದಲೇ ಸರಿಯಿಲ್ಲದಿದ್ದರೆ ಒತ್ತಡದ ತೊಂದರೆ ಅಲ್ಲಿಂದಲೇ ಶುರುವಾಗಬಹುದು. ನ್ಯೂಯಾರ್ಕಿನ ತುಂಗ್ ಟಿಯೆನ್ ಸನ್ ಅವರ ತಂಡ 2000ದಲ್ಲಿ ಯುರೋಪ್ಲಾಕಿನ್ 3 ಇಲ್ಲದ ಇಲಿಗಳನ್ನು ಬೆಳೆಸಿತು. ಪ್ರಯೋಗ ಮಾಡಿದ್ದು ಪದರದ ಒಂದು ಪ್ರೋಟೀನಿನ ಮೇಲೆ. ಆದರೆ ಆ ಇಲಿಗಳಲ್ಲಿ ಮೂತ್ರ ಹಿಂದಕ್ಕೆ ಹರಿಯಿತು, ಕಿಡ್ನಿ ಊದಿತು. ಮುಂದೆ 2005ರಲ್ಲಿ, ಕಿಡ್ನಿ ಸರಿಯಾಗಿ ಬೆಳೆಯದೆ ಹುಟ್ಟಿದ ಕೆಲವು ಮಕ್ಕಳಲ್ಲಿಯೂ ಇದೇ ಪ್ರೋಟೀನಿನ ಜೀನ್ ಬದಲಾಗಿದ್ದದ್ದು ಸಿಕ್ಕಿತು. ಇಂಥ ಮಕ್ಕಳು ಕೆಲವರೇ, ಎಲ್ಲರ ಕಾಯಿಲೆಗೂ ಇದು ವಿವರಣೆ ಅಲ್ಲ. ಆದರೂ ಪದರ ಮತ್ತು ಕಿಡ್ನಿ ಒಟ್ಟಿಗೇ ಕೆಡಬಹುದು ಎನ್ನುವುದಕ್ಕೆ ಇದು ಸಾಕ್ಷಿ.

ಎರಡನೆಯದು, ಒತ್ತಡ ಬಂದಾಗ ಪದರ ತಾನೇ ಬದಲಾಗುತ್ತದೆ. ಕಿಡ್ನಿ ಬಟ್ಟಲಿನ ಒಳಪದರ ಸಾಮಾನ್ಯವಾಗಿ ತೆಳು. ಇಲಿಗಳ ಮೂತ್ರನಾಳಕ್ಕೆ ಅಡ್ಡ ಕಟ್ಟಿ ನೋಡಿದ 2012ರ ಒಂದು ಅಧ್ಯಯನದಲ್ಲಿ ಆ ತೆಳು ಪದರದ ಕೋಶಗಳು ಬೇಗಬೇಗ ಹೆಚ್ಚಿದವು, ದಪ್ಪಗಾದವು, ಮೂತ್ರಕೋಶದ ಪದರದ ರೂಪವನ್ನೇ ತಾಳಿದವು. ಹಿಂದೆ ಉಕ್ಕುವ ಮೂತ್ರ ಕಿಡ್ನಿಯ ಮಾಂಸಕ್ಕೆ ನುಗ್ಗದಂತೆ ಪದರ ಮಾಡಿಕೊಳ್ಳುವ ರಕ್ಷಣೆ ಇದು ಎಂದು ಈ ಕ್ಷೇತ್ರದವರು ಅರ್ಥ ಮಾಡಿಕೊಂಡಿದ್ದಾರೆ. ನನಗೂ ಹಾಗೇ ಅನಿಸುತ್ತದೆ. ಅಂದರೆ ರಿಪೋರ್ಟಿನಲ್ಲಿ "ಗೋಡೆ ದಪ್ಪ" ಎಂದು ಕಂಡಾಗ ಅದನ್ನೇ ಕಾಯಿಲೆ ಎಂದುಕೊಳ್ಳಬೇಡಿ. ಬಹಳ ಸಲ ಅದು ಒತ್ತಡಕ್ಕೆ ಸಿಕ್ಕ ಸ್ನಾಯು ಮತ್ತು ಪದರ ಕೊಟ್ಟ ಉತ್ತರ. ಒತ್ತಡ ಎಲ್ಲಿಂದ ಬಂತು ಎಂದು ಕೇಳಬೇಕು.

ನಿಮ್ಮ ಅಮ್ಮನಿಗೆ ಅದು ಎಲ್ಲಿಂದ ಬಂದಿರಬಹುದು? 16 ವರ್ಷದ ಶುಗರ್ ಕಾಲಿನ ನರಗಳನ್ನು ಮಂಕು ಮಾಡುವ ಹಾಗೆಯೇ ಮೂತ್ರಕೋಶದ ನರಗಳನ್ನೂ ಮಾಡುತ್ತದೆ. ತುಂಬಿದ್ದು ತಿಳಿಯುವುದಿಲ್ಲ. ಹೋದಾಗಲೂ ಸ್ನಾಯು ಪೂರ್ತಿ ಹಿಂಡುವುದಿಲ್ಲ. ಸ್ವಲ್ಪ ಸ್ವಲ್ಪ ಉಳಿಯುತ್ತಾ ಹೋಗಿ ಅದೇ ಅಭ್ಯಾಸವಾಗುತ್ತದೆ. ಕಾಲುರಿಗೆ ಅಮಿಟ್ರಿಪ್ಟಿಲಿನ್ ಕೊಟ್ಟಿದ್ದರೆ ಅದೂ ಮೂತ್ರ ನಿಲ್ಲುವಂತೆ ಮಾಡುತ್ತದೆ. ನೆಗಡಿಯ ಕೆಲವು ಮಾತ್ರೆಗಳೂ ಅಷ್ಟೇ. ಮಲಬದ್ಧತೆಯೂ ಸೇರಿಕೊಳ್ಳುತ್ತದೆ. ಅವರು ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಪಟ್ಟಿ ಮಾಡಿ ವೈದ್ಯರಿಗೆ ತೋರಿಸಿ. ಇದರ ಜೊತೆಗೆ ನಮ್ಮ ಹೆಂಗಸರ ಇನ್ನೊಂದು ಕಷ್ಟ ಇದೆ. ಬಸ್‌ಸ್ಟ್ಯಾಂಡಿನಲ್ಲಿ, ಸಂತೆಯಲ್ಲಿ, ಮದುವೆ ಛತ್ರದಲ್ಲಿ ಸರಿಯಾದ ಶೌಚಾಲಯ ಇಲ್ಲ ಎಂದು ನೀರೇ ಕುಡಿಯದೆ, ಗಂಟೆಗಟ್ಟಲೆ ತಡೆದುಕೊಂಡು ಇರುತ್ತಾರೆ. ನರ ಚೆನ್ನಾಗಿರುವವರು ಆಗೊಮ್ಮೆ ಈಗೊಮ್ಮೆ ತಡೆದರೆ ಕಿಡ್ನಿಗೆ ಏನೂ ಆಗುವುದಿಲ್ಲ. ನರ ಮಂಕಾದವರಿಗೆ ಆ ರೂಢಿ ಅಪಾಯ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಸ್ಕ್ಯಾನಿಂಗ್‌ಗೆ ಮೊದಲು ಲೀಟರ್‌ಗಟ್ಟಲೆ ನೀರು ಕುಡಿಸಿ ಮೂತ್ರಕೋಶ ಬಿಗಿಯುವ ತನಕ ಕೂರಿಸುತ್ತಾರೆ. ಅಂಥ ಹೊತ್ತಿನಲ್ಲಿ ನೋಡಿದರೆ ಚೆನ್ನಾಗಿರುವವರಿಗೂ ಕಿಡ್ನಿ ಸ್ವಲ್ಪ ಊದಿದಂತೆ ಕಾಣಬಹುದು. ಹಾಗಾಗಿ ಮೂತ್ರ ಮಾಡಿ ಬಂದ ಮೇಲೆ ಕಿಡ್ನಿಯನ್ನೂ ಮತ್ತೆ ನೋಡಿದ್ದಾರಾ, ಕೇಳಿ. ಉಳಿದ ಮೂತ್ರವನ್ನೂ ಇನ್ನೊಂದು ದಿನ, ಅವಸರವಿಲ್ಲದೆ ಹೋಗಿ ಬಂದ ಮೇಲೆ ಅಳೆಯಬೇಕು. ಎರಡನೇ ಸಲವೂ 200ರ ಹತ್ತಿರ ಇದ್ದು ಊತವೂ ಹಾಗೇ ಇದ್ದರೆ ಅನುಮಾನ ಉಳಿಯುವುದಿಲ್ಲ.

ಎರಡನೇ ದಾರಿ ಸೋಂಕು. ಇಲ್ಲಿ ಮೊದಲು ಸಮಾಧಾನದ ಮಾತು. ದೊಡ್ಡವರಲ್ಲಿ, ಅಡ್ಡಿ ಇಲ್ಲದ, ಕಲ್ಲಿಲ್ಲದ ಮೂತ್ರಕೋಶಕ್ಕೆ ಆಗಾಗ ಬರುವ ಉರಿಮೂತ್ರ ತುಂಬ ಹಿಂಸೆ ಕೊಡುತ್ತದೆ. ಆದರೆ ಅದರಿಂದ ಕಿಡ್ನಿ ಶಾಶ್ವತವಾಗಿ ಸೋಲುವುದು ತೀರಾ ವಿರಳ. ಉರಿಮೂತ್ರ ಬಂದಾಗೆಲ್ಲ "ಕಿಡ್ನಿ ಹೋಯ್ತು" ಎಂದು ಹೆದರುವ ಹೆಂಗಸರು ಎಷ್ಟೋ ಜನ. ಅವರಿಗೆ ಈ ಮಾತು ತಲುಪಬೇಕು.

ಹಾಗಾದರೆ ಅದು ಪದೇಪದೇ ಯಾಕೆ ಬರುತ್ತದೆ? ಉರಿಮೂತ್ರ ತರುವ ಇ. ಕೋಲೈ ಬ್ಯಾಕ್ಟೀರಿಯಾದ ಮೈಮೇಲೆ ಕೂದಲಿನಂಥ ಎಳೆಗಳಿವೆ. ಅವುಗಳ ತುದಿಯಲ್ಲಿ ಫಿಮ್‌ಎಚ್ ಎಂಬ ಪ್ರೋಟೀನು. ಅದು ಹೋಗಿ ಹಿಡಿಯುವುದು ಪದರದ ಮೇಲಿರುವ ಅದೇ ಯುರೋಪ್ಲಾಕಿನ್ ಬಿಲ್ಲೆಯನ್ನು. ಹಿಡಿದು ಕೋಶದ ಒಳಗೇ ಸೇರಿಕೊಳ್ಳುತ್ತದೆ, ಅಲ್ಲೇ ಗುಂಪು ಕಟ್ಟುತ್ತದೆ. ಪದರ ಆ ಕೋಶಗಳನ್ನು ಕಳಚಿ ಮೂತ್ರದ ಜೊತೆ ಹೊರಹಾಕುತ್ತದೆ. ಸೋಂಕಿತ ಕೋಶ ಹೋಯಿತು ಎಂಬುದು ಒಳ್ಳೆಯದು. ಆದರೆ ಕೆಳಗಿನ ಎಳೆಯ ಕೋಶಗಳು ತೆರೆದುಕೊಳ್ಳುತ್ತವೆ, ಕೆಲವು ಬ್ಯಾಕ್ಟೀರಿಯಾ ಅಲ್ಲಿಗೂ ಹೋಗಿ ಸುಮ್ಮನೆ ಕೂರುತ್ತವೆ. ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸ್ಕಾಟ್ ಹಲ್ಟ್‌ಗ್ರೆನ್ ಮತ್ತು ಸಂಗಡಿಗರು ಇಲಿಗಳಲ್ಲಿ ಇದನ್ನು ಹಂತಹಂತವಾಗಿ ತೋರಿಸಿದ್ದಾರೆ. ಮಾತ್ರೆ ಮುಗಿದು ಕೆಲವು ವಾರಕ್ಕೆ ಮತ್ತೆ ಉರಿ ಬರುವುದಕ್ಕೆ ಇದೂ ಒಂದು ಕಾರಣ ಇರಬಹುದು. ಶುಗರ್ ಹೆಚ್ಚಿದ್ದರೆ ಇನ್ನೂ ಕಷ್ಟ. ಪದರದ ಕೋಶಗಳು ಸೋರಿಯಾಸಿನ್ ಎಂಬ ಕ್ರಿಮಿನಾಶಕ ಪ್ರೋಟೀನನ್ನು ತಯಾರಿಸುತ್ತವೆ. ಶುಗರ್ ಇರುವವರಲ್ಲಿ ಅದು ಕಡಿಮೆಯಾಗುತ್ತದೆ ಎಂದು ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯವರು 2022ರಲ್ಲಿ ವರದಿ ಮಾಡಿದರು.

ನನಗೆ ಬಹಳ ಮುಖ್ಯ ಎನಿಸುವ ಕೊಂಡಿ ಈಗ ಬರುತ್ತದೆ. ಕಿಡ್ನಿಯ ನಳಿಕೆಗಳು ಯುರೋಮಾಡ್ಯುಲಿನ್ ಎಂಬ ಪ್ರೋಟೀನನ್ನು ಮೂತ್ರಕ್ಕೆ ಬಿಡುತ್ತವೆ. ಆರೋಗ್ಯವಂತರ ಮೂತ್ರದಲ್ಲಿ ಅತಿ ಹೆಚ್ಚು ಇರುವ ಪ್ರೋಟೀನು ಇದೇ. ಬ್ಯಾಕ್ಟೀರಿಯಾದ ಆ ಫಿಮ್‌ಎಚ್ ತುದಿ ಪದರವನ್ನು ಹಿಡಿಯುವ ಬದಲು ತೇಲುತ್ತಿರುವ ಯುರೋಮಾಡ್ಯುಲಿನ್ ಎಳೆಗಳನ್ನು ಹಿಡಿದು ಮೂತ್ರದ ಜೊತೆ ಹೊರಗೆ ಹೋಗುತ್ತದೆ. ಕಿಡ್ನಿ ತನ್ನ ಕೆಳಗಿನ ಪದರವನ್ನು ಹೀಗೆ ಕಾಯುತ್ತದೆ. ಕೆಲಸ ಮಾಡುವ ನಳಿಕೆಗಳು ಕಡಿಮೆಯಾದಂತೆ ಈ ಪ್ರೋಟೀನೂ ಕಡಿಮೆಯಾಗುತ್ತದೆ. ಅಂದರೆ ಪದರ ಕೆಟ್ಟು ಕಿಡ್ನಿಗೆ ತೊಂದರೆ ಎಂದು ಮಾತ್ರ ನೋಡಬಾರದು. ಕಿಡ್ನಿ ಸೋತರೆ ಪದರದ ಕಾವಲೂ ಸಡಿಲವಾಗುತ್ತದೆ. ಅಮ್ಮನ ಸ್ಥಿತಿಯಲ್ಲಿ ಮೂರೂ ಸೇರಿಕೊಂಡಿರಬಹುದು: ನಿಂತ ಮೂತ್ರ, ಸಕ್ಕರೆ, ಕಡಿಮೆಯಾದ ರಕ್ಷಣೆ.

ಮಕ್ಕಳ ಮಾತು ಬೇರೆ. ಹುಟ್ಟಿನಿಂದ ಬರುವ ಮೂತ್ರಮಾರ್ಗದ ದೋಷಗಳೇ ಮಕ್ಕಳ ದೀರ್ಘಕಾಲದ ಕಿಡ್ನಿ ಕಾಯಿಲೆಗೆ ದೊಡ್ಡ ಕಾರಣ. ಮೂತ್ರ ಹಿಂದಕ್ಕೆ ಹರಿಯುವ ಮಕ್ಕಳಿಗೆ ದಿನಾ ಸಣ್ಣ ಪ್ರಮಾಣದ ಆ್ಯಂಟಿಬಯಾಟಿಕ್ ಕೊಟ್ಟು ನೋಡಿದ ಅಮೆರಿಕದ ಒಂದು ಪ್ರಯೋಗದ ಫಲಿತಾಂಶ 2014ರಲ್ಲಿ ಬಂತು. 607 ಮಕ್ಕಳು ಅದರಲ್ಲಿದ್ದರು. ಮತ್ತೆ ಸೋಂಕು ಬರುವುದು ಸುಮಾರು ಅರ್ಧಕ್ಕೆ ಇಳಿಯಿತು. ಆದರೆ ಕಿಡ್ನಿಯ ಕಲೆಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಸೋಂಕು ತಡೆದರೆ ಕಿಡ್ನಿ ಉಳಿದೇ ಉಳಿಯುತ್ತದೆ ಎಂಬ ಸರಳ ಲೆಕ್ಕ ಅಲ್ಲಿಯೂ ಕೂಡಲಿಲ್ಲ. ಗಂಡುಮಗುವಿನ ಮೂತ್ರದ ಧಾರೆ ಸಣ್ಣಗೆ, ತೊಟ್ಟಿಕ್ಕುವಂತೆ ಬರುತ್ತಿದ್ದರೆ ಅಥವಾ ಪುಟ್ಟ ಮಗುವಿಗೆ ಕಾರಣ ಗೊತ್ತಾಗದ ಜ್ವರ ಬಂದರೆ ಮೂತ್ರ ಪರೀಕ್ಷೆ ಮಾಡಿಸದೆ ಬಿಡಬೇಡಿ.

ಸೋಂಕಿನ ಮಾತಿನಲ್ಲಿ ಟಿಬಿಯನ್ನು ಬಿಡುವ ಹಾಗಿಲ್ಲ, ನಮ್ಮ ದೇಶದಲ್ಲಂತೂ. ಮೂತ್ರದಲ್ಲಿ ಕೀವು ಇದೆ, ಕಲ್ಚರ್‌ನಲ್ಲಿ (ಮೂತ್ರದಲ್ಲಿರುವ ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆಯಲ್ಲಿ) ಏನೂ ಬೆಳೆಯುತ್ತಿಲ್ಲ, ಆ್ಯಂಟಿಬಯಾಟಿಕ್ ಕೊಟ್ಟಷ್ಟೂ ಉರಿ ಹೋಗುತ್ತಿಲ್ಲ ಎಂದರೆ ಟಿಬಿ ನೆನಪಾಗಬೇಕು. ಅದು ರಕ್ತದ ಮೂಲಕ ಕಿಡ್ನಿಗೆ ಬಂದು, ಮೂತ್ರದ ಜೊತೆ ಕೆಳಗಿಳಿದು ಒಳಪದರದಲ್ಲಿ ಹುಣ್ಣು ಮಾಡುತ್ತದೆ. ಹುಣ್ಣು ಮಾಯುವಾಗ ಮೂತ್ರನಾಳ ಕಿರಿದಾಗುತ್ತದೆ, ಮೂತ್ರಕೋಶ ಚಿಕ್ಕದಾಗುತ್ತದೆ. ಪದರದ ಗಾಯದಿಂದಲೇ ಕಿಡ್ನಿ ಹೋಗುವುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಇಲ್ಲ. ಟಿಬಿ ಮಾತ್ರೆ ಕೆಲಸ ಮಾಡುತ್ತಿರುವಾಗಲೂ ಮಾಯುವ ಗಾಯ ನಾಳವನ್ನು ಮುಚ್ಚಬಹುದು. ಹಾಗಾಗಿ ಮಾತ್ರೆ ಶುರುವಾದ ಮೇಲೆ "ಇನ್ನು ಆರಾಮ" ಎಂದು ಕೂರದೆ ನಡುವೆ ಮತ್ತೆ ಸ್ಕ್ಯಾನ್ ಮಾಡಿಸಬೇಕು. ಊತ ಕಂಡರೆ ನಾಳ ಮುಚ್ಚದಂತೆ ಒಳಗೆ ಸ್ಟೆಂಟ್ ಎಂಬ ಸಣ್ಣ ಕೊಳವೆ ಹಾಕಿ ಕಿಡ್ನಿ ಉಳಿಸಿಕೊಳ್ಳಬಹುದು. ಬೆಳಗಿನ ಮೊದಲ ಮೂತ್ರವನ್ನು ಟಿಬಿ ಪರೀಕ್ಷೆಗೆ ಕಳಿಸಬಹುದು. ಸರ್ಕಾರಿ ಆಸ್ಪತ್ರೆಗಳಲ್ಲಿ ಪರೀಕ್ಷೆ, ಮಾತ್ರೆ ಎರಡೂ ಉಚಿತ. ನಿಮ್ಮ ಅಮ್ಮನ ನಾಲ್ಕೂ ಸಲದ ಕಲ್ಚರ್ ರಿಪೋರ್ಟ್ ಹುಡುಕಿ ನೋಡಿ. ನಿಜವಾಗಿ ಬ್ಯಾಕ್ಟೀರಿಯಾ ಬೆಳೆದಿತ್ತಾ, ಅಥವಾ ಕಲ್ಚರ್ ಮಾಡದೆಯೇ ಮಾತ್ರೆ ಕೊಟ್ಟರಾ?

ಇನ್ನು ಮೂರನೇ ದಾರಿ, ವಿಷ. ಬೇರಿನ ಪುಡಿ ನಿಲ್ಲಿಸಿ ಎಂದದ್ದು ಇದಕ್ಕೇ.

ಡ್ಯಾನ್ಯೂಬ್ ನದಿಯ ಉಪನದಿಗಳ ಪಕ್ಕದ ಹಳ್ಳಿಗಳಲ್ಲಿ, ಅಂದರೆ ಇವತ್ತಿನ ಸರ್ಬಿಯಾ, ಕ್ರೊಯೇಷಿಯಾ, ಬೋಸ್ನಿಯಾ, ಬಲ್ಗೇರಿಯಾ, ರೊಮೇನಿಯಾದಲ್ಲಿ, ಒಂದು ವಿಚಿತ್ರ ಕಿಡ್ನಿ ಕಾಯಿಲೆ ಇತ್ತು. ವೈದ್ಯರು ಅದನ್ನು 1950ರ ದಶಕದಲ್ಲಿ ದಾಖಲಿಸಿದರು. ರೈತ ಕುಟುಂಬಗಳಲ್ಲಿ ನಡುವಯಸ್ಸಿನವರ ಕಿಡ್ನಿ ನಿಧಾನವಾಗಿ ಸುಕ್ಕುಗಟ್ಟುತ್ತಿತ್ತು. ಅದೇ ಜನರಲ್ಲಿ ಕಿಡ್ನಿ ಬಟ್ಟಲು ಮತ್ತು ಮೂತ್ರನಾಳದ ಒಳಪದರದ ಕ್ಯಾನ್ಸರ್ ಕೂಡ ಅಸಾಧಾರಣವಾಗಿ ಜಾಸ್ತಿ. ದಶಕಗಳ ಕಾಲ ಕಾರಣ ಸಿಗಲಿಲ್ಲ. ಅತ್ತ ಬ್ರಸೆಲ್ಸ್‌ನಲ್ಲಿ 1990ರ ದಶಕದ ಮೊದಲಲ್ಲಿ, ತೂಕ ಇಳಿಸಲು ಚೀನೀ ಗಿಡಮೂಲಿಕೆ ಬೆರೆಸಿದ ಮಾತ್ರೆ ತಿಂದ ಹೆಂಗಸರ ಕಿಡ್ನಿ ಒಬ್ಬರ ಹಿಂದೆ ಒಬ್ಬರಂತೆ ಕೆಟ್ಟಿತು. ಒಂದು ಮೂಲಿಕೆಯ ಬದಲು ಅರಿಸ್ಟೊಲೋಕಿಯಾ ಜಾತಿಯ ಗಿಡ ಸೇರಿಹೋಗಿತ್ತು. ಕಿಡ್ನಿ ಪೂರ್ತಿ ಸೋತವರಲ್ಲಿ 39 ಮಂದಿಯ ಕಿಡ್ನಿ ಮತ್ತು ಮೂತ್ರನಾಳಗಳನ್ನು ಮುನ್ನೆಚ್ಚರಿಕೆಗೆಂದು ತೆಗೆದು ಪರೀಕ್ಷಿಸಿದರು. 18 ಜನರ ಒಳಪದರದಲ್ಲಿ ಆಗಲೇ ಕ್ಯಾನ್ಸರ್ ಇತ್ತು. ಈ ವರದಿ ಬಂದದ್ದು 2000ದಲ್ಲಿ. ಆಮೇಲೆ 2007ರಲ್ಲಿ ಆರ್ಥರ್ ಗ್ರೋಲ್‌ಮನ್ ತಂಡ ಡ್ಯಾನ್ಯೂಬ್ ಪಕ್ಕದ ರೋಗಿಗಳ ಅಂಗಾಂಶದಲ್ಲಿ ಅದೇ ಗಿಡದ ವಿಷವಾದ ಅರಿಸ್ಟೊಲೋಕಿಕ್ ಆಮ್ಲದ ಗುರುತನ್ನು ತೋರಿಸಿತು. ಅಲ್ಲಿನ ಗೋಧಿ ಹೊಲಗಳಲ್ಲಿ ಅರಿಸ್ಟೊಲೋಕಿಯಾ ಕಳೆಯಾಗಿ ಬೆಳೆಯುತ್ತಿತ್ತು. ಅದರ ಬೀಜ ಗೋಧಿಯ ಜೊತೆ ಹಿಟ್ಟಾಗಿ ರೊಟ್ಟಿಗೆ ಬರುತ್ತಿತ್ತು. ಕಿಡ್ನಿಯ ನಳಿಕೆಗೂ ಒಳಪದರಕ್ಕೂ ಪೆಟ್ಟು ಕೊಟ್ಟದ್ದು ಒಂದೇ ವಿಷ.

ಇದು ದೂರದ ದೇಶದ ಸುದ್ದಿ ಎಂದುಕೊಳ್ಳಬೇಡಿ. ನಮ್ಮ ಈಶ್ವರಿ ಬಳ್ಳಿ ಇದೇ ಜಾತಿಯದು, ಅರಿಸ್ಟೊಲೋಕಿಯಾ ಇಂಡಿಕಾ. ಹಾವು ಕಚ್ಚಿದರೆ, ಹೊಟ್ಟೆನೋವಿಗೆ, ಜ್ವರಕ್ಕೆ ಎಂದು ಅದರ ಬೇರು ಕೊಡುವ ಪದ್ಧತಿ ನಮ್ಮ ಹಳ್ಳಿಗಳಲ್ಲಿ ಹಳೆಯದು. ಬಳ್ಳಿಯನ್ನು ಕಿತ್ತು ಹಾಕಿ ಎನ್ನುತ್ತಿಲ್ಲ. ನಮ್ಮ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್‌ನ ಮರಿಹುಳುಗಳು ಈ ಜಾತಿಯ ಬಳ್ಳಿಗಳ ಎಲೆ ತಿಂದೇ ಬೆಳೆಯಬೇಕು. ಬಳ್ಳಿ ಕಾಡಿನಲ್ಲಿರಲಿ. ಹೊಟ್ಟೆಗೆ ಹೋಗುವುದು ಬೇಡ. ನಿಮಗೆ ಕೊಟ್ಟ ಪುಡಿಯಲ್ಲಿ ಅದೇ ಇದೆ ಎಂದು ನಾನು ಹೇಳಲಾರೆ. ಏನಿದೆ ಎಂದು ಕೊಟ್ಟವರೂ ಹೇಳದಿದ್ದರೆ, ಸೋಸುವ ವೇಗ 36ಕ್ಕೆ ಇಳಿದಿರುವ ಕಿಡ್ನಿಗೆ ಅದು ಬೇಡವೇ ಬೇಡ. ಉರಿ ತಡೆಯಲಾರದೆ ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ನೋವಿನ ಮಾತ್ರೆಗಳೂ ಬೇಡ. ಹರೆಯದವರು ಇದನ್ನು ಓದುತ್ತಿದ್ದರೆ ಇನ್ನೊಂದು ಮಾತು: ನಶೆಗೆಂದು ಬಳಸುವ ಕೆಟಮೀನ್ ಮೂತ್ರಕೋಶದ ಪದರವನ್ನೇ ಕಿತ್ತುಹಾಕಿ, ಮೂತ್ರಕೋಶವನ್ನು ಕುಗ್ಗಿಸಿ, ಒತ್ತಡದಿಂದ ಕಿಡ್ನಿಯನ್ನು ಊದಿಸುತ್ತದೆ. 2007ರಿಂದ ಇಂಥ ವರದಿಗಳು ಬರುತ್ತಲೇ ಇವೆ.

ಕಿಡ್ನಿ ಕಸಿ ಆದವರಿಗೂ ಪದರದ ಜೊತೆ ಒಂದು ವ್ಯವಹಾರ ಇದೆ. ಬಿಕೆ ಎಂಬ ವೈರಸ್ ಬಹುಪಾಲು ಜನರ ಕಿಡ್ನಿ ನಳಿಕೆ ಮತ್ತು ಈ ಪದರದಲ್ಲಿ ಏನೂ ಮಾಡದೆ ಉಳಿದಿರುತ್ತದೆ. ಕಸಿಯ ನಂತರ ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ಶುರುವಾದಾಗ ಅದು ಎದ್ದು ಹೊಸ ಕಿಡ್ನಿಗೆ ಕಾಟ ಕೊಡಬಹುದು. ಅದಕ್ಕೇ ಕಸಿ ಆದವರಿಗೆ ನಿಯಮಿತವಾಗಿ ಈ ವೈರಸ್‌ನ ಪರೀಕ್ಷೆ ಬರೆಯುತ್ತಾರೆ. ತಪ್ಪಿಸಬೇಡಿ.

ಈಗ ಅಮ್ಮನಿಗೆ ಏನು ಮಾಡಬೇಕು ಎಂಬ ಮಾತು. ಯುರಾಲಜಿಸ್ಟ್ ಮತ್ತು ನೆಫ್ರಾಲಜಿಸ್ಟ್ (ಕಿಡ್ನಿ ಕಾಯಿಲೆಯ ತಜ್ಞರು) ಇಬ್ಬರೂ ನೋಡಬೇಕು. ಎರಡೂ ಒಂದೇ ಕಡೆ ಬೇಕೆಂದರೆ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ಸರ್ಕಾರದ ನೆಫ್ರೋ ಯುರಾಲಜಿ ಸಂಸ್ಥೆ ಇದೆ. ನಾನು ಮೊದಲು ಹೇಳಿದಂತೆ ಮೂತ್ರ ಮಾಡಿದ ಮೇಲೆ ಮತ್ತೆ ಸ್ಕ್ಯಾನ್ ಆಗಲಿ. ಗೋಡೆ ದಪ್ಪಗಿರುವುದರಿಂದ ಯುರೋಡೈನಮಿಕ್ಸ್ ಎಂಬ ಒತ್ತಡದ ಪರೀಕ್ಷೆಯೂ ಬೇಕಾಗಬಹುದು. ಮೂತ್ರದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನು ಎಷ್ಟು ಸೋರುತ್ತಿದೆ ಎಂದು ತೋರಿಸುವ ಅಲ್ಬುಮಿನ್ ಕ್ರಿಯಾಟಿನಿನ್ ಅನುಪಾತ ನೋಡಿಸಿ, ಕಣ್ಣಿನ ಪರದೆಯನ್ನೂ ಪರೀಕ್ಷಿಸಿ. ಅಲ್ಬುಮಿನ್ ತುಂಬ ಹೋಗುತ್ತಿದ್ದು ಕಣ್ಣಿನಲ್ಲೂ ಶುಗರ್‌ನ ಗುರುತು ಇದ್ದರೆ ಶುಗರ್‌ನ ಕಿಡ್ನಿ ಕಾಯಿಲೆಯ ಪಾಲು ದೊಡ್ಡದು. ಅಲ್ಬುಮಿನ್ ಹೆಚ್ಚಿಲ್ಲದೆ ಕ್ರಿಯಾಟಿನಿನ್ ಏರಿದ್ದರೆ ಒತ್ತಡದ ಮೇಲಿನ ಅನುಮಾನ ಇನ್ನೂ ಗಟ್ಟಿಯಾಗುತ್ತದೆ.

ನೀವು ಕೇಳಿದ್ದು, ಕಿಡ್ನಿ ವಾಪಸ್ ಬರುತ್ತಾ ಎಂದು. ಇದಕ್ಕೆ ಒಳ್ಳೆಯ ಉತ್ತರ ಕೊಡುವುದು ಕ್ಯಾತಿಟರ್, ಅಂದರೆ ಮೂತ್ರ ಹೊರತೆಗೆಯಲು ಮೂತ್ರಕೋಶಕ್ಕೆ ಹಾಕುವ ತೆಳು ಕೊಳವೆ. ಕೆಲವು ದಿನ ಮೂತ್ರಕೋಶವನ್ನು ಖಾಲಿ ಇಟ್ಟು ಕ್ರಿಯಾಟಿನಿನ್ ಮತ್ತೆ ನೋಡುತ್ತಾರೆ. ಅದು 1.6ರಿಂದ ಇಳಿದರೆ ಇಳಿದಷ್ಟು ಪಾಲು ಒತ್ತಡದ್ದು, ಅದನ್ನು ಉಳಿಸಿಕೊಳ್ಳಬಹುದು. ಇಳಿಯದಿದ್ದರೆ ಅದು ಹಳೆಯ ಕಲೆ ಅಥವಾ ಶುಗರ್‌ನ ಪಾಲು. ಆಗಲೂ ಮುಂದಿನ ಹಾನಿ ತಡೆಯಲು ಮೂತ್ರಕೋಶ ಖಾಲಿಯಾಗುತ್ತಿರಬೇಕು. ಪದರಕ್ಕೆಂದೇ ಬೇರೆ ಔಷಧಿ ಬೇಕಾಗುವುದು ಕಡಿಮೆ. ನಿಂತ ಮೂತ್ರ ಹೋಗಿ ಸೋಂಕು ಹತೋಟಿಗೆ ಬಂದರೆ ಪದರ ತನ್ನ ಕೆಳಗಿನ ಕೋಶಗಳಿಂದ ತಾನೇ ಮತ್ತೆ ಬೆಳೆದುಕೊಳ್ಳುತ್ತದೆ.

ಮನೆಯಲ್ಲಿ ಮಾಡುವುದೂ ಇದೆ. ಬರಲಿ, ಬಿಡಲಿ, ಮೂರು ಗಂಟೆಗೊಮ್ಮೆ ಅಮ್ಮ ಮೂತ್ರಕ್ಕೆ ಹೋಗಲಿ. ಒಮ್ಮೆ ಮಾಡಿ ಎದ್ದು, ಎರಡು ನಿಮಿಷ ಬಿಟ್ಟು ಮತ್ತೆ ಕೂತು ಪ್ರಯತ್ನಿಸಲಿ. ಅದರಿಂದಲೂ ಉಳಿಕೆ ತಗ್ಗದಿದ್ದರೆ ದಿನಕ್ಕೆ ಕೆಲವು ಸಲ ತಾವೇ ಸಣ್ಣ ಕ್ಯಾತಿಟರ್ ಹಾಕಿ ಖಾಲಿ ಮಾಡಿಕೊಳ್ಳುವ ವಿಧಾನವನ್ನು ನರ್ಸ್ ಕಲಿಸುತ್ತಾರೆ. ಕೇಳಿದ ಕೂಡಲೇ ಎಲ್ಲರೂ ಬೇಡ ಎನ್ನುತ್ತಾರೆ. ಆದರೆ ಅಮೆರಿಕದ ಜಾಕ್ ಲ್ಯಾಪಿಡಸ್ 1972ರಲ್ಲಿ ಇದನ್ನು ಪ್ರಕಟಿಸಿದ ಮೇಲೆ ಲೆಕ್ಕವಿಲ್ಲದಷ್ಟು ಜನರ ಕಿಡ್ನಿ ಇದರಿಂದ ಉಳಿದಿದೆ. ಕೈ ಚೆನ್ನಾಗಿ ತೊಳೆದುಕೊಂಡರೆ ಸಾಕು, ಆಪರೇಷನ್ ಥಿಯೇಟರಿನ ಶುದ್ಧಿ ಬೇಡ ಎಂದು ತೋರಿಸಿದ್ದೂ ಅವರೇ. ಮುಟ್ಟು ನಿಂತ ಹೆಂಗಸರಿಗೆ ಯೋನಿಯ ಒಳಗೆ ಹಚ್ಚುವ ಈಸ್ಟ್ರೋಜೆನ್ ಕ್ರೀಮ್ ಪದೇಪದೇ ಬರುವ ಸೋಂಕನ್ನು ಚೆನ್ನಾಗಿ ತಗ್ಗಿಸುತ್ತದೆ. ಇದು 1993ರಿಂದಲೇ ಗೊತ್ತಿದ್ದರೂ ನಮ್ಮಲ್ಲಿ ಇದನ್ನು ಬರೆಯುವುದೂ ಕಡಿಮೆ, ಕೇಳುವುದೂ ಕಡಿಮೆ. ನೀವಾಗಿಯೇ ಕೇಳಿ.

ಉರಿ, ಜ್ವರ ಏನೂ ಇಲ್ಲದೆ ಕಲ್ಚರ್‌ನಲ್ಲಿ ಬ್ಯಾಕ್ಟೀರಿಯಾ ಬಂತು ಎಂಬ ಒಂದೇ ಕಾರಣಕ್ಕೆ ಆ್ಯಂಟಿಬಯಾಟಿಕ್ ಬೇಡ. ಗರ್ಭಿಣಿಯರಿಗೆ, ಮೂತ್ರಮಾರ್ಗದ ಆಪರೇಷನ್‌ಗೆ ಮುಂಚೆ ಮಾತ್ರ ಅದು ಬೇರೆ ಮಾತು. ಉರಿ ಬಂದಾಗ ಮಾತ್ರೆ ಶುರುಮಾಡುವ ಮೊದಲು ಕಲ್ಚರ್‌ಗೆ ಮೂತ್ರ ಕೊಡಿ. ಕಿಡ್ನಿಯ ವೇಗ 36 ಎಂದು ಪ್ರತಿ ವೈದ್ಯರಿಗೂ ಹೇಳಿ, ಏಕೆಂದರೆ ಕೆಲವು ಮಾತ್ರೆಗಳ ಪ್ರಮಾಣ ಇಳಿಸಬೇಕು, ನೈಟ್ರೋಫುರಾಂಟೊಯಿನ್‌ನಂಥದ್ದು ಈ ಮಟ್ಟದಲ್ಲಿ ಸಾಮಾನ್ಯವಾಗಿ ಕೊಡುವುದಿಲ್ಲ. ಉರಿ ಎಂದ ಕೂಡಲೇ ನಮ್ಮಲ್ಲಿ "ಉಷ್ಣ ಆಗಿದೆ" ಎಂದು ಎಳನೀರು ಕೊಡುತ್ತಾರೆ, ಅಲ್ವಾ? ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ. ಅಮ್ಮನ ಪೊಟ್ಯಾಸಿಯಂ ಎಷ್ಟಿದೆ ಎಂದು ನೋಡದೆ ದಿನಾ ಕುಡಿಸಬೇಡಿ. ಮೂತ್ರದ ಉರಿಗೆ ಅಂಗಡಿಯಲ್ಲಿ ಸಿಗುವ ಸಿರಪ್‌ಗಳಲ್ಲೂ ಸೋಡಿಯಂ ಅಥವಾ ಪೊಟ್ಯಾಸಿಯಂ ಇರುತ್ತದೆ, ಕೇಳದೆ ಕೊಡಬೇಡಿ.

ಮುಂದಿನ ಭೇಟಿಗೆ ಹೋಗುವ ಮೊದಲು ಎರಡು ದಿನ ಒಂದು ಹಾಳೆಯಲ್ಲಿ ಬರೆದಿಡಿ: ಎಷ್ಟು ಹೊತ್ತಿಗೆ ಮೂತ್ರ ಮಾಡಿದರು, ಅಳತೆ ಲೋಟದಲ್ಲಿ ಎಷ್ಟು ಬಂತು, ನಡುವೆ ಸೋರಿತಾ, ರಾತ್ರಿ ಎಷ್ಟು ಸಲ ಎದ್ದರು. ವೈದ್ಯರಿಗೆ ಅದು ಅರ್ಧ ಕೆಲಸ ಮಾಡಿಕೊಡುತ್ತದೆ. ಮೂತ್ರದಲ್ಲಿ ನೋವಿಲ್ಲದೆ ರಕ್ತ ಕಂಡರೆ, ಒಂದೇ ಸಲ ಕಂಡು ನಿಂತರೂ, ಒಳಪದರದ ಕ್ಯಾನ್ಸರ್ ಅಲ್ಲ ಎಂದು ಖಾತ್ರಿ ಮಾಡಿಕೊಳ್ಳಬೇಕು. ನಡುಕದ ಜ್ವರ, ಪಕ್ಕೆನೋವು, ವಾಂತಿ ಅಥವಾ ಮೂತ್ರ ತೀರಾ ಕಡಿಮೆಯಾದರೆ ಬೆಳಗಾಗಲಿ ಎಂದು ಕಾಯಬೇಡಿ, ಶುಗರ್ ಇರುವವರಲ್ಲಿ ಕಿಡ್ನಿಯ ಸೋಂಕು ಒಂದೇ ರಾತ್ರಿಯಲ್ಲಿ ಉಲ್ಬಣಿಸುತ್ತದೆ. ಅದೇ ಗಳಿಗೆಗೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಉಳಿಕೆ ಮೂತ್ರದ ಆ ರಿಪೋರ್ಟನ್ನೂ ಜೊತೆಗೆ ಇಟ್ಟುಕೊಳ್ಳಿ.